ಒಂದೇ ಚುಕ್ಕೆಯ ಅಂಗಾರ ಭಾವ

ನಮ್ಮ ಸಂಘದ ಸ್ಮರಣ ಸಂಚಿಕೆಗೆ ಪ್ರತಿ ವರ್ಷ ನಮ್ಮವರಲ್ಲಿ ಒಬ್ಬ ಸಾಧಕರ ಬಗ್ಗೆ ಬರೆಯುವ ಕೆಲಸ ನನ್ನ ತಲೆಗೇ ಬರುತ್ತದೆ. ನವಿ ಮುಂಬಯಿಯ ಐರೋಲಿಯಲ್ಲಿ ಇಡ್ಲಿ-ವಡೆಯ ಹೋಟೆಲು ನಡೆಸುವವನಿಗೆ ಬರೆಯಲು ಪುರುಸೊತ್ತು ಎಲ್ಲಿಂದ ಎಂದು ಯಾರೂ ಕೇಳುವುದಿಲ್ಲ. ಹನ್ನೊಂದು ವರ್ಷಗಳಲ್ಲಿ ಹನ್ನೊಂದು ಹೋಟೆಲು ಮಾಲಕರ ಬಗ್ಗೆ ಬರೆದಿದ್ದೇನೆ. ಎಲ್ಲರೂ ಕಪ್ಪು-ಬಸಿ ತೊಳೆದು ಮೇಲೆ ಬಂದವರೇ, ಎಲ್ಲರ ಫೋಟೋದಲ್ಲೂ ಅದೇ ಶಾಲು. ಈ ಸಲ ನನ್ನ ಅಕ್ಕನ ಗಂಡನ ಬಗ್ಗೆ ಬರೆಯುತ್ತೇನೆ ಎಂದಾಗ ಕಮಿಟಿಯ ಒಬ್ಬರು, ಅವರದು ಯಾವ ಹೋಟೆಲು ಎಂದು ಕೇಳಿದರು. ಹೋಟೆಲಿಲ್ಲ, ಒಂದು ಚೀಲ ಇದೆ ಎಂದೆ. ಅವರು ನಕ್ಕರು. ನಗಲಿ, ನಾನೂ ಮೂವತ್ತು ವರ್ಷ ನಕ್ಕವನೇ.

ಅಂಗಾರ ಭಾವನಿಗೆ ಈಗ ಅರುವತ್ತೇಳು. ಕಾರ್ಕಳದ ಹತ್ತಿರದ ಹಳ್ಳಿಯಲ್ಲಿ ಮಂಗಳವಾರ ಹುಟ್ಟಿದ್ದರಿಂದ ಅಂಗಾರ. ಐದನೆಯ ಕ್ಲಾಸು ಮುಗಿಸಿ ಎರಡು ವರ್ಷ ದನ ಮೇಯಿಸಿಕೊಂಡಿದ್ದವರನ್ನು ಸೋದರಮಾವ ಕರೆತಂದು ಅಂಬರನಾಥದ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಸೇರಿಸಿದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುವುದು, ಹತ್ತಕ್ಕೆ ಕಾರ್ಖಾನೆಯೊಳಗೆ ಚಹಾ ಹಂಚುವುದು, ಇಷ್ಟೇ ಕೆಲಸ. ದೊಡ್ಡ ಪ್ರೆಸ್ ಯಂತ್ರಗಳಿದ್ದ ಶೆಡ್ಡಿಗೆ ಚಹಾ ಕೊಂಡುಹೋದವರು ಖಾಲಿ ಗ್ಲಾಸು ಹಿಂದೆ ತರಲು ಒಂದು ಗಂಟೆ ತೆಗೆದುಕೊಳ್ಳುತ್ತಿದ್ದರಂತೆ. ಒಂದು ಬೆರಳು ದಪ್ಪದ ಪೈಪಿನಲ್ಲಿ ಹರಿಯುವ ಎಣ್ಣೆ ಆನೆಯಷ್ಟು ಭಾರವನ್ನು ಹೇಗೆ ಎತ್ತುತ್ತದೆ ಎಂದು ನೋಡುತ್ತ ನಿಂತುಬಿಡುತ್ತಿದ್ದರು. ಸೋದರಮಾವನ ಪೆಟ್ಟು ಸಾಕಷ್ಟು ತಿಂದರು, ನೋಡುವುದನ್ನು ಮಾತ್ರ ಬಿಡಲಿಲ್ಲ. ಹದಿನೆಂಟು ತುಂಬಿದ ವಾರವೇ ಅಲ್ಲಿನ ಹಿರಿಯ ಫಿಟ್ಟರ್ ಅವರನ್ನು ಕೇಳಿ ಪಡೆದು ತನ್ನ ಕೈಕೆಳಗೆ ಹಾಕಿಕೊಂಡರು.

ಕಾರ್ಡಿನಲ್ಲಿ ಹೆಲ್ಪರ್ ಎಂದು ಬರೆಯಲಾಯಿತು. ಇಪ್ಪತ್ತೊಂಬತ್ತು ವರ್ಷ ಆ ಪದ ಬದಲಾಗಲಿಲ್ಲ. ಸರ್ಟಿಫಿಕೇಟು ಇಲ್ಲದವನಿಗೆ ಬೇರೆ ಪದ ಕೊಡಲು ಬರುವುದಿಲ್ಲ ಎಂದು ಆಫೀಸಿನವರು ಪ್ರತಿ ಸಲವೂ ಹೇಳಿದರು. ಆದರೆ ಪ್ರೆಸ್ ನಿಂತರೆ ಡಿಗ್ರಿ ಪಡೆದ ಇಂಜಿನಿಯರುಗಳು ಮೊದಲು ಹುಡುಕುತ್ತಿದ್ದದ್ದು ಈ ಹೆಲ್ಪರನ್ನೇ. ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ಗೇಟಿನ ಹೊರಗೆ ನಿಂತು ಮುಂದೇನು ಎಂದು ಮಾತಾಡುತ್ತಿದ್ದರೆ ಭಾವ ತನ್ನ ಪ್ರೆಶರ್ ಗೇಜು, ನಾಲ್ಕು ಸ್ಪ್ಯಾನರು, ಒಂದು ಸುತ್ತಿಗೆ ಇದ್ದ ಕ್ಯಾನ್ವಾಸ್ ಚೀಲ ಹೆಗಲಿಗೆ ಹಾಕಿಕೊಂಡು ಕಲ್ಯಾಣದ ಗಾಡಿ ಹತ್ತಿದರು. ಅಲ್ಲೊಂದು ಗ್ಯಾರೇಜಿನ ಜಾಕ್ ಕೈಕೊಟ್ಟಿತ್ತು. ಅಂದಿನಿಂದ ಠಾಣೆಯಿಂದ ಪನವೇಲ್ ತನಕ ಎಣ್ಣೆಯ ಬಲದಲ್ಲಿ ಏಳುವ ಯಾವ ಯಂತ್ರ ಮೊಂಡು ಬಿದ್ದರೂ ಆ ಚೀಲ ಲೋಕಲ್ ಗಾಡಿಯಲ್ಲಿ ಅಲ್ಲಿಗೆ ಹೋಗುತ್ತದೆ.

ನಮ್ಮ ಮನೆಯಲ್ಲಿ ಇದಕ್ಕೆ ಬೆಲೆ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ನಾವು ಹೋಟೆಲಿನವರು. ಅಕ್ಕ ದಮಯಂತಿಗೆ ಕೊನೇ ಪಕ್ಷ ಹೋಟೆಲಿನ ಗಲ್ಲಾದಲ್ಲಿ ಕೂರುವ ಗಂಡು ಸಿಗಲಿ ಎಂದು ಅಪ್ಪನ ಆಸೆಯಿತ್ತು. ಭಾವ ಮನೆಗೆ ಬಂದಾಗಲೆಲ್ಲ ಅವರ ಎಣ್ಣೆ ಕೈಗೆಂದು ನಾನು ಬಾಗಿಲಲ್ಲೇ ಸೋಪು ಹಿಡಿದು ನಿಲ್ಲುತ್ತಿದ್ದೆ. ಭಾವ-ಮೈದುನರ ನಡುವೆ ಇಂಥ ಚೇಷ್ಟೆ ನಮ್ಮಲ್ಲಿ ನಡೆಯುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ಅವರೂ ನಗುತ್ತಲೇ ಕೈ ತೊಳೆಯುತ್ತಿದ್ದರು. ಅಕ್ಕ ಮಾತ್ರ ನಗುತ್ತಿರಲಿಲ್ಲ.

ಭಾವನದು ಒಂದು ಕ್ರಮವಿದೆ. ಬಿಚ್ಚಿದ ಯಂತ್ರವನ್ನು ಸರಿ ಮಾಡಿ, ಮುಚ್ಚಿ, ನಡೆಸಿ ನೋಡಿದ ಮೇಲೆ ಮುಚ್ಚಳದ ಅಂಚಿನಲ್ಲಿ ಸೆಂಟರ್ ಪಂಚ್ ಎಂಬ ಚೂಪು ಮೊನೆಯ ಉಳಿ ಇಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು ಕೊಡುತ್ತಾರೆ. ಎಳ್ಳಿನಷ್ಟು ಚುಕ್ಕೆ ಬೀಳುತ್ತದೆ. ತನ್ನ ಕೆಲಸ ಕೆಟ್ಟು ಅದೇ ಯಂತ್ರ ಮತ್ತೆ ಬಂದರೆ ಪಕ್ಕದಲ್ಲಿ ಎರಡನೆಯದು ಇಡಬೇಕು ಎಂಬುದು ಅವರಿಗೆ ಅವರೇ ಹಾಕಿಕೊಂಡ ಕಟ್ಟಳೆ. ಮೊದಲ ಚುಕ್ಕೆ ಇಟ್ಟಂದಿನಿಂದ ನಲವತ್ತೇಳು ವರ್ಷಗಳಲ್ಲಿ ಒಂದು ಯಂತ್ರಕ್ಕೂ ಎರಡನೇ ಚುಕ್ಕೆ ಬಿದ್ದಿರಲಿಲ್ಲ. ಕಲ್ಯಾಣದ ಗ್ಯಾರೇಜುಗಳಲ್ಲಿ ಹಳಬರು ಮುಚ್ಚಳ ಒರೆಸಿ ಚುಕ್ಕೆ ಕಂಡರೆ, ಇದು ಅಂಗಾರ್ ಕಾಕಾ ಮುಚ್ಚಿದ್ದು, ತಪ್ಪು ಬೇರೆ ಕಡೆ ಹುಡುಕು ಎನ್ನುತ್ತಾರಂತೆ. ಅವರ ಹತ್ತಿರ ಇದ್ದ ಸರ್ಟಿಫಿಕೇಟು ಅದೊಂದೇ.

ಇನ್ನು ದಿಲೀಪನ ಟ್ರ್ಯಾಕ್ಟರಿನ ಕತೆ. ದಿಲೀಪ ಅಂಬರನಾಥದಿಂದ ಆಚೆ ಹಳ್ಳಿಯ ರೈತ, ಮರಾಠಿಯವನು, ನನ್ನ ಹೋಟೆಲಿಗೆ ಬೆಂಡೆ, ಬದನೆ, ಬಾಳೆಎಲೆ ಎಲ್ಲ ಅವನಲ್ಲಿಂದಲೇ ಬರುತ್ತದೆ. ಅವನು ಹುಟ್ಟಿದ ವರ್ಷ ಅವನ ತಂದೆ ಕೊಂಡ ಟ್ರ್ಯಾಕ್ಟರಿಗೆ ಈಗ ಐವತ್ತು. ಕೆಂಪು ಬಣ್ಣ ಹೋಗಿ ಇಟ್ಟಿಗೆಯ ಬಣ್ಣಕ್ಕೆ ಬಂದಿದೆ. ಕಳೆದ ವರ್ಷ ಮೇ ತಿಂಗಳಲ್ಲಿ ಅದರ ಹಿಂದಿನ ಲಿಫ್ಟ್, ಅಂದರೆ ನೇಗಿಲನ್ನು ಎತ್ತಿ ಇಳಿಸುವ ಭಾಗ, ಸೋರತೊಡಗಿತು. ನಾನೇ ಭಾವನನ್ನು ಕರೆದುಕೊಂಡು ಹೋದೆ. ನಾಲ್ಕು ದಿನ ಮಾವಿನ ಮರದ ಕೆಳಗೆ ಕುಳಿತು, ಸಿಗದ ಸೀಲುಗಳನ್ನು ಬೇರೆ ಯಂತ್ರದವುಗಳಿಂದ ಹೊಂದಿಸಿ, ಹೊಸ ಎಣ್ಣೆ ತುಂಬಿ, ಮುಚ್ಚಿ ಚುಕ್ಕೆ ಇಟ್ಟರು. ನೇಗಿಲು ಹೂವಿನ ಹಾಗೆ ಎದ್ದಿತು.

ಆಗಸ್ಟಿನಲ್ಲಿ ನಮ್ಮ ಸಂಘದ 'ಕೆಸರ್‌ಡ್ ಒಂಜಿ ದಿನ' ಬಂತು. ಆಟಿ ತಿಂಗಳಲ್ಲಿ ಒಂದು ಭಾನುವಾರ ಗದ್ದೆಯೊಂದನ್ನು ಹಿಡಿದು ಮುಂಬಯಿಯ ನಮ್ಮ ತುಳುವರೆಲ್ಲ ಕೆಸರಿನಲ್ಲಿ ಓಡಿ, ಹಗ್ಗ ಎಳೆದು, ಬಿದ್ದು ಏಳುವ ದಿನ ಅದು. ಫ್ಲ್ಯಾಟಿನಲ್ಲಿ ಹುಟ್ಟಿದ ನಮ್ಮ ಮಕ್ಕಳು ಕೆಸರು ಮುಟ್ಟುವುದು ಅಂದು ಮಾತ್ರ. ಗದ್ದೆ ದಿಲೀಪನದು, ಉಸ್ತುವಾರಿ ನನ್ನದು. ಬೆಳಿಗ್ಗೆ ಆರಕ್ಕೆ ನನ್ನ ಅಡುಗೆಯವರು ಗದ್ದೆಯಂಚಿನಲ್ಲಿ ಮುನ್ನೂರು ಜನರ ತಿಂಡಿಗೆ ವಡೆ ಕರಿಯುತ್ತಿದ್ದರು. ಗದ್ದೆ ಇನ್ನೂ ಅರ್ಧವಷ್ಟೇ ಉತ್ತಾಗಿತ್ತು, ಅಷ್ಟರಲ್ಲಿ ಡ್ರೈವರು ಬಂದು ಲಿಫ್ಟ್ ಏಳುವುದಿಲ್ಲ ಎಂದ. ಹಿಂದಿನ ದಿನ ಮಣ್ಣು ಸುರಿಯುವ ಟ್ರಾಲಿಗೆ ಲಿಫ್ಟಿನಿಂದ ಹೋಗುವ ಪೈಪು ಕಳಚಿ ಮುಕ್ಕಾಲು ಎಣ್ಣೆ ನೆಲಕ್ಕೆ ಹೋಗಿತ್ತಂತೆ. ದಿಲೀಪ ಮುರಬಾಡಿನ ನೆಂಟರ ಮನೆಯಲ್ಲಿದ್ದ. ಎಂಟಕ್ಕೆ ಬಸ್ಸುಗಳು ಬರುವುದಿತ್ತು.

ನನ್ನ ಸಿಟ್ಟು ನಮ್ಮವರಿಗೆ ಗೊತ್ತು. ಡ್ರೈವರಿಗೆ ನಾಲ್ಕು ಬೈದೆ. ಆಮೇಲೆ ಕಣ್ಣಿಗೆ ಬಿದ್ದದ್ದು ಒಲೆಯಿಂದ ಇಳಿಸಿದ್ದ ಬಾಣಲೆ. ಎಣ್ಣೆ ಎಂದರೆ ಎಣ್ಣೆಯೇ ತಾನೆ ಎಂದು ಚಹಾ ಸೋಸುವ ಜರಡಿಯಲ್ಲಿ ಸೋಸಿ, ಸ್ವಲ್ಪ ಆರಿಸಿ, ಆರೇಳು ಲೀಟರ್ ಲಿಫ್ಟಿಗೆ ಸುರಿದೆ. ನೇಗಿಲು ಠೀವಿಯಿಂದ ಎದ್ದಿತು. ಬಸ್ಸು ಬರುವಷ್ಟರಲ್ಲಿ ಗದ್ದೆ ತಯಾರು. ನನ್ನ ತಲೆ ಎಷ್ಟು ಚುರುಕು ಎಂದು ಅಡುಗೆಯವರ ಮುಂದೆ ಒಂದಿಷ್ಟು ಕೊಚ್ಚಿಕೊಂಡೆ. ದಿಲೀಪನಿಗೆ ಹೇಳಬೇಕೆಂದು ಅನಿಸಲೇ ಇಲ್ಲ. ಎಣ್ಣೆ ಚೆಲ್ಲಿದ್ದ ಡ್ರೈವರಂತೂ ಬಾಯಿ ಬಿಡುವ ಹಾಗೇ ಇರಲಿಲ್ಲ.

ಜನವರಿಯಲ್ಲಿ ದಿಲೀಪನ ಫೋನು ಬಂತು. ಭತ್ತದ ಕೊಯ್ಲಿನ ನಂತರ ನಿಲ್ಲಿಸಿದ್ದ ಟ್ರ್ಯಾಕ್ಟರನ್ನು ತರಕಾರಿ ಹಾಕಲು ಹೊರತೆಗೆದರೆ ಲಿಫ್ಟ್ ನೇಗಿಲನ್ನು ಒಂದು ಗೇಣು ಎತ್ತಿ ನಿಲ್ಲುತ್ತದಂತೆ. ಕಲ್ಯಾಣದಿಂದ ಬಂದ ಮೆಕ್ಯಾನಿಕ್ ಪಂಪೇ ಹೋಗಿದೆ ಎಂದನಂತೆ. ಆ ಪಂಪು ಈಗ ಎಲ್ಲೂ ಸಿಗುವುದಿಲ್ಲ. ಹಾಗಿದ್ದರೆ ಶನಿವಾರ ಗಾಡಿಯನ್ನು ಗುಜರಿಗೆ ಕೊಡುತ್ತೇನೆ, ನಿನ್ನ ಭಾವ ಮುಚ್ಚಿದ್ದು ಎಂಟು ತಿಂಗಳೂ ಬಾಳಲಿಲ್ಲ, ಅಷ್ಟು ಅವರಿಗೆ ತಿಳಿಸಿಬಿಡು ಎಂದ.

ವಡೆಯ ಎಣ್ಣೆ ಆಗ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದು ಐದು ತಿಂಗಳ ಹಿಂದಿನ ಮಾತು, ಅಂದು ಚೆನ್ನಾಗಿ ಎತ್ತಿತ್ತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭಾವನಿಗೆ ಫೋನು ಮಾಡಿ ದಿಲೀಪ ಹೇಳಿದಷ್ಟನ್ನೇ ಹೇಳಿದೆ. ನಾಳೆ ಬೆಳಿಗ್ಗೆ ಏಳಕ್ಕೆ ಅಲ್ಲಿರುತ್ತೇನೆ, ನೀನೂ ಬಾ ಎಂದರು. ಆ ರಾತ್ರಿ ಅವರು ಊಟ ಮಾಡಲಿಲ್ಲ ಎಂದು ಅಕ್ಕ ಮರುದಿನ ಹೇಳಿದಳು.

ಬೆಳಿಗ್ಗೆ ಒಳ್ಳೆ ಚಳಿ. ದಿಲೀಪ ಮಂಕಿ ಟೋಪಿ ಹಾಕಿಕೊಂಡು ನಿಂತಿದ್ದ. ಕಲ್ಯಾಣದ ಮೆಕ್ಯಾನಿಕ್ ಸಮಿತ್ ಕೂಡ ಬಂದಿದ್ದ. ಡಿಪ್ಲೊಮಾ ಮಾಡಿದವನು, ಕೆಲಸ ತಿಳಿದವನು, ಪಂಪು ಬಿಚ್ಚಲು ಸ್ಪ್ಯಾನರುಗಳನ್ನು ಆಗಲೇ ಸಾಲಾಗಿ ಇಟ್ಟಿದ್ದ. ಭಾವ ಚೀಲ ಇಳಿಸಲೇ ಇಲ್ಲ. ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದು, ಮುಚ್ಚಳದ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿ ತನ್ನ ಚುಕ್ಕೆಯನ್ನು ಒಮ್ಮೆ ನೋಡಿದರು. ಆಮೇಲೆ ದಿಲೀಪನನ್ನು ಕೇಳಿದರು, ಎತ್ತದೇ ಇರುವುದು ಯಾವಾಗ, ಬೆಳಿಗ್ಗೆಯೋ ಮಧ್ಯಾಹ್ನವೋ?

ಬೆಳಿಗ್ಗೆ ಒಂದು ಗೇಣು, ಮಧ್ಯಾಹ್ನ ಬಿಸಿಲೇರಿದ ಮೇಲೆ ಪರವಾಗಿಲ್ಲ, ಮೊಣಕಾಲಿನವರೆಗೆ ಏಳುತ್ತದೆ ಎಂದ ದಿಲೀಪ.

ಭಾವ ಸಮಿತ್‌ನ ಕಡೆ ತಿರುಗಿ ತನ್ನ ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಸವೆದ ಪಂಪು ತಣ್ಣಗಿರುವಾಗ ಚೆನ್ನಾಗಿ ಎತ್ತುತ್ತದೆ, ಎಣ್ಣೆ ಕಾದು ತೆಳುವಾದ ಮೇಲೆ ಸೋಲುತ್ತದೆ. ಇಲ್ಲಿ ಎಲ್ಲ ತಿರುವುಮುರುವು. ಹಾಗಾಗಿ ಪಂಪಿಗೆ ಕೈ ಹಚ್ಚುವುದು ಬೇಡ. ಗೇಜು ಸಿಕ್ಕಿಸಿ ಇಂಜಿನ್ ಶುರು ಮಾಡಿಸಿದರು. ಮುಳ್ಳು ಅರ್ಧಕ್ಕೂ ಬರಲಿಲ್ಲ, ಪಂಪು ಮಾತ್ರ ಕೊಂಯ್ ಎಂದು ಅಳುತ್ತಿತ್ತು. ಭಾವ ಕಣ್ಣು ಮುಚ್ಚಿ ಕೇಳಿ, ಇದು ಹಸಿದ ಪಂಪಿನ ಸದ್ದು, ಸತ್ತದ್ದಲ್ಲ, ಇದಕ್ಕೆ ಎಣ್ಣೆ ಸಿಗುತ್ತಿಲ್ಲ ಎಂದರು. ಅಳತೆ ಕಡ್ಡಿ ತೆಗೆದು ನೋಡಿದರೆ ಎಣ್ಣೆ ತುಂಬಾ ಇತ್ತು. ಎಣ್ಣೆ ಇದ್ದೂ ಸಿಗದಿದ್ದರೆ ದಾರಿಯಲ್ಲಿ ಏನೋ ಕಟ್ಟಿದೆ ಎಂದಾಯಿತು.

ಕೆಳಗೆ ಮಣ್ಣು ಹೊರುವ ಕಬ್ಬಿಣದ ಬುಟ್ಟಿ, ಘಮೇಲಾ, ಇಟ್ಟು ಎಣ್ಣೆ ಇಳಿಸಿದರು. ಪಂಪಿನ ಬಾಯಿಯ ಜಾಲರಿಯನ್ನು ಹೊರತೆಗೆದಾಗ ಅದರ ಮೈತುಂಬ ಬಿಳಿ ಗಸಿ ಮೆತ್ತಿಕೊಂಡಿತ್ತು. ಸಮಿತ್ ನೀರು ಹೋಗಿರಬೇಕು ಎಂದ. ಭಾವ ಚೂರು ಬೆರಳಿಗೆ ತೆಗೆದುಕೊಂಡು ಉಜ್ಜಿದರು. ಬೆರಳಿನ ಬಿಸಿಗೆ ಅದು ಕರಗಿತು. ಮೂಗಿನ ಹತ್ತಿರ ಹಿಡಿದರು. ಆಮೇಲೆ ಜಾಲರಿಯ ಮೂಲೆಯಿಂದ ಏನನ್ನೋ ಉಗುರಿನಲ್ಲಿ ಎಬ್ಬಿಸಿ, ಯಾರಿಗೂ ಕಾಣದಂತೆ ಮುಷ್ಟಿ ಮುಚ್ಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ನನಗೆ ಕಂಡಿತು. ಅದು ಕರಿದು ಕಪ್ಪಾದ ಕರಿಬೇವಿನ ಚೂರು.

ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

"ಕಾಕಾ, ತೇಲ ತರ ತುಮ್ಹೀಚ ಭರಲಂ ಹೋತಂ ನಾ?" ಎಂದ ದಿಲೀಪ. ಎಣ್ಣೆ ತುಂಬಿದವರು ನೀವೇ ಅಲ್ಲವೇ ಎಂಬ ಪ್ರಶ್ನೆಗೆ ಭಾವ ಹೌದು ಎಂದರು. ಎಣ್ಣೆ ಕೆಟ್ಟಿದೆ, ಎಲ್ಲ ತೊಳೆದು ಬೇರೆ ತುಂಬಿ ಕೊಡುತ್ತೇನೆ, ಗಾಡಿ ಗುಜರಿಗೆ ಹೋಗುವುದು ಬೇಡ ಎಂದರು. ಅಷ್ಟೇ. ಮೇ ತಿಂಗಳಲ್ಲಿ ತುಂಬಿದವರು ಅವರೇ ಹೌದು. ಆಗಸ್ಟಿನ ಮಾತು ಹೇಳಬೇಕಾದವನು ನಾನು, ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದೆ.

ಮಧ್ಯಾಹ್ನದವರೆಗೆ ಕೆಲಸ ನಡೆಯಿತು. ಡೀಸೆಲ್‌ನಲ್ಲಿ ಎರಡು ಸಲ ಒಳಗೆಲ್ಲ ತೊಳೆದರು, ಜಾಲರಿಯನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರು. ಸಮಿತ್ ಅಂಬರನಾಥಕ್ಕೆ ಹೋಗಿ ಹೊಸ ಎಣ್ಣೆಯ ಡಬ್ಬ ತಂದ. ನಾನು ಡಬ್ಬ ಎತ್ತಿದೆ, ಬಟ್ಟೆ ಹಿಂಡಿದೆ, ಯಾರೂ ಹೇಳದಿದ್ದರೂ ಘಮೇಲಾ ತೊಳೆದೆ. ಬಾಯಿ ಮಾತ್ರ ತೆರೆಯಲಿಲ್ಲ. ಹೇಳಿದರೆ ದಿಲೀಪ ಏನೆಂದುಕೊಂಡಾನು, ನಾಳೆಯಿಂದ ತರಕಾರಿ ಎಲ್ಲಿಂದ, ಸಂಘಕ್ಕೆ ಇನ್ನು ಗದ್ದೆ ಯಾರು ಕೊಡುತ್ತಾರೆ ಎಂದು ಒಂದೊಂದೇ ನೆಪ ಪೋಣಿಸುತ್ತಿದ್ದೆ. ಬೇರೆಯವರಿಗೆ ಬೈಯುವಾಗ ಇರುವ ಧೈರ್ಯ ಆಗ ಎಲ್ಲಿ ಹೋಗಿತ್ತೋ.

ಕೊನೆಗೆ ಇಂಜಿನ್ ಶುರುವಾಯಿತು. ಭಾವ ಲಿವರ್ ಎಳೆದರು. ಒಂಬತ್ತು ಹಲ್ಲಿನ ನೇಗಿಲು ಒಂದೇ ಉಸಿರಿಗೆ ಸೊಂಟದೆತ್ತರ ಎದ್ದಿತು. ಇಳಿಸಿ, ಅದರ ಮೇಲೆ ದಿಲೀಪ ಮತ್ತು ಸಮಿತ್‌ರನ್ನು ನಿಲ್ಲಿಸಿ ಮತ್ತೆ ಎತ್ತಿಸಿದರು. ಇಬ್ಬರನ್ನೂ ಹೊತ್ತು ಹಾಗೇ ಎದ್ದಿತು. ಗೇಜಿನ ಮುಳ್ಳು ಎಲ್ಲಿ ಇರಬೇಕೋ ಅಲ್ಲಿತ್ತು. ಅವರಿಬ್ಬರು ಇಳಿದ ಮೇಲೆ ಇಂಜಿನ್ ನಿಲ್ಲಿಸಿ ಎಲ್ಲರೂ ಚಹಾ ಕುಡಿದೆವು. ಕುಡಿದು ಮುಗಿಯುವವರೆಗೂ ನೇಗಿಲು ಒಂದು ಬೆರಳಷ್ಟೂ ಕೆಳಗಿಳಿಯಲಿಲ್ಲ. ಐವತ್ತು ವರ್ಷದ ಪಂಪು ಅದು. ಅದನ್ನು ಬಿಚ್ಚದೆ ಉಳಿಸಿದ್ದು ಐದನೇ ಕ್ಲಾಸಿನ ಒಬ್ಬ ಹೆಲ್ಪರ್.

ದಿಲೀಪ ಖುಷಿಯಾಗಿದ್ದ. ಖುಷಿಯಲ್ಲೇ ಭಾವನ ಹೆಗಲ ಮೇಲೆ ಕೈಯಿಟ್ಟು ದೊಡ್ಡ ಮನಸ್ಸಿನಿಂದ ಹೇಳಿದ, "ಜಾವೂ ದ್ಯಾ ಕಾಕಾ. ವಯ ಝಾಲಂ, ಚೂಕ ಹೋತೇ."

ಹೋಗಲಿ ಬಿಡಿ, ವಯಸ್ಸಾಯಿತು, ತಪ್ಪಾಗುತ್ತದೆ. ಬೈದಿದ್ದರೆ ಸಹಿಸಬಹುದಿತ್ತು. ಭಾವ ತಲೆಯಾಡಿಸಿದರು. ಚೀಲಕ್ಕೆ ಕೈ ಹಾಕಿ ಪಂಚ್ ಮತ್ತು ಸುತ್ತಿಗೆ ತೆಗೆದರು. ಮುಚ್ಚಳ ಒರೆಸಿ, ಹಳೆಯ ಚುಕ್ಕೆಯ ಪಕ್ಕದಲ್ಲಿ ಪಂಚಿನ ಮೊನೆ ಇಟ್ಟರು.

ನಾನು ಹತ್ತಿರ ಹೋಗಿ ತುಳುವಿನಲ್ಲಿ, "ಎಂತ ಮಾಡ್ತೀರಿ ಭಾವ?" ಎಂದೆ.

"ಮುಚ್ಚಿದವ ನಾನಲ್ವಾ, ಇಡ್ಬೇಕು" ಎಂದರು, ತುಳುವಿನಲ್ಲೇ.

"ಆ ಎಣ್ಣೆ ಯಾರದ್ದಂತ ನಿಮ್ಗೆ ಗೊತ್ತುಂಟು."

"ಗೊತ್ತುಂಟು. ನಿಂಗೆ ಇವ್ನ ಹತ್ರ ದಿನಾ ಕೆಲ್ಸ ಉಂಟು, ದೇವು. ನಂಗೇನು, ಒಂದು ಚುಕ್ಕೆ. ನೀನು ಸುಮ್ನಿರು."

ಒಂದು ಚುಕ್ಕೆಯಂತೆ. ನಲವತ್ತೇಳು ವರ್ಷ ಕಾದಿಟ್ಟುಕೊಂಡದ್ದನ್ನು ನನ್ನ ಬದನೆಕಾಯಿಗೋಸ್ಕರ ಕೊಟ್ಟುಬಿಡಲು ಹೊರಟಿದ್ದರು ಈ ಮನುಷ್ಯ, ಬಾಗಿಲಲ್ಲಿ ಸೋಪು ಹಿಡಿದು ನಿಂತವನಿಗೋಸ್ಕರ. ನನಗೆ ಕೆಂಡದಂಥ ಸಿಟ್ಟು ಬಂತು, ಆ ಸಲ ಸರಿಯಾದವನ ಮೇಲೇ ಬಂತು. ಅವರ ಕೈಯಿಂದ ಪಂಚ್ ಕಿತ್ತುಕೊಂಡೆ.

"ದಿಲೀಪ್‌ಭಾವೂ, ಇನ್‌ಕೀ ಗಲತೀ ನಹೀಂ ಹೈ. ವೋ ತೇಲ್ ಮೈನೇ ಡಾಲಾ ಥಾ. ವಡೇ ಕಾ ತೇಲ್."

ತಪ್ಪು ಇವರದಲ್ಲ, ವಡೆಯ ಆ ಎಣ್ಣೆ ಸುರಿದವನು ನಾನು ಎಂದದ್ದು ದಿಲೀಪನಿಗೆ ಮೊದಲು ಅರ್ಥವಾಗಲಿಲ್ಲ. ಆಗಸ್ಟಿನ ಬೆಳಿಗ್ಗೆ ನಡೆದದ್ದನ್ನು, ಬಾಣಲೆ, ಚಹಾದ ಜರಡಿ, ಒಂದೂ ಬಿಡದೆ ಹೇಳಿದೆ. ಸಮಿತ್ ಬೇರೆ ಕಡೆ ತಿರುಗಿ ನಿಂತ, ಅವನ ಬೆನ್ನು ನಗುತ್ತಿತ್ತು. ದಿಲೀಪ ನಗಲಿಲ್ಲ. ತಂದೆಯ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ಟೋಪಿ ತೆಗೆದು ಭಾವನ ಎದುರು ಬಂದು, "ಮಾಫ್ ಕರಾ, ಕಾಕಾ" ಎಂದು ಕೈ ಮುಗಿದ. ಮುಂದಿನ ಹದಿನೈದು ದಿನ ನನ್ನ ಹೋಟೆಲಿಗೆ ಹುಳುಕು ಬದನೆಕಾಯಿಯೇ ಬಂತು. ಒಂದನ್ನೂ ವಾಪಸು ಕಳಿಸಲಿಲ್ಲ ನಾನು.

ಹೊರಡುವ ಮುಂಚೆ ಸಮಿತ್ ಭಾವನನ್ನು ಕೇಳಿದ, ಬರೀ ಬೆರಳಿಗೆ ಹಚ್ಚಿ ಅದು ಅಡುಗೆ ಎಣ್ಣೆ ಎಂದು ಹೇಗೆ ತಿಳಿಯಿತು, ಯಾವ ಪುಸ್ತಕದಲ್ಲಿದೆ? ಭಾವ ಚೀಲ ಕಟ್ಟುತ್ತ ಹೇಳಿದರು. ಅಂಬರನಾಥದ ಕ್ಯಾಂಟೀನಿನಲ್ಲಿ ಚಳಿಗಾಲದ ಬೆಳಿಗ್ಗೆ ಅವರ ಮೊದಲ ಕೆಲಸ, ಹೆಪ್ಪುಗಟ್ಟಿ ಬೆಳ್ಳಗಾದ ಎಣ್ಣೆಯ ಡಬ್ಬವನ್ನು ಒಲೆಯ ಬಳಿ ಇಟ್ಟು ಕರಗಿಸುವುದಾಗಿತ್ತು. ಬೇಗ ಕರಗದಿದ್ದರೆ ಸೋದರಮಾವನ ಪೆಟ್ಟು. ಆ ಗಸಿಯನ್ನು ಐದು ವರ್ಷ ಕೈಯಲ್ಲಿ ಕಲಸಿದವನಿಗೆ ಇನ್ನು ಯಾವ ಪುಸ್ತಕ ಬೇಕು ಎಂದರು. ಸಮಿತ್ ತನ್ನ ಫೋನಿನಲ್ಲಿ ಅವರ ನಂಬರು ಬರೆದುಕೊಂಡ. ಹೆಸರಿನ ಮುಂದೆ ಉಸ್ತಾದ್ ಎಂದು ಸೇರಿಸಿದ್ದನ್ನು ನಾನು ಇಣುಕಿ ನೋಡಿದೆ. ಕಾರ್ಖಾನೆಯ ಆಫೀಸಿನವರಿಗೆ ಇಪ್ಪತ್ತೊಂಬತ್ತು ವರ್ಷ ಹುಡುಕಿಯೂ ಸಿಗದ ಪದ ಅವನಿಗೆ ಒಂದು ಮಧ್ಯಾಹ್ನದಲ್ಲಿ ಸಿಕ್ಕಿತು.

ದಾರಿಯಲ್ಲಿ ರಿಕ್ಷಾದಲ್ಲಿ ಕುಳಿತಾಗ ಭಾವ ಕಿಸೆಯಿಂದ ಆ ಕರಿಬೇವಿನ ಚೂರು ತೆಗೆದು ನನ್ನ ಅಂಗೈಗೆ ಇಟ್ಟರು. ನಿನ್ನ ಸಾಮಾನು, ನೀನೇ ಇಟ್ಟುಕೋ ಎಂದು ನಕ್ಕರು. ಮನೆಯಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಒಳಗೆ ಹೋಗಿ ಹೊಸ ಸೋಪೊಂದನ್ನು ಕಾಗದ ಬಿಚ್ಚಿ ತಂದಳು. ಭಾವನನ್ನು ದಾಟಿ ಬಂದು ನನ್ನ ಕೈಗೆ ಕೊಟ್ಟು, "ಹೋಗು, ತೊಳ್ಕೊಂಡು ಬಾ. ಮತ್ತೆ ಊಟ" ಎಂದಳು. ಮೂವತ್ತು ವರ್ಷದಿಂದ ಕಾದಿದ್ದಳೆಂದು ಕಾಣುತ್ತದೆ.

ಈ ಆಗಸ್ಟಿನಲ್ಲಿ ನಮ್ಮ ಕೆಸರಿನ ದಿನ ಮತ್ತೆ ದಿಲೀಪನ ಗದ್ದೆಯಲ್ಲೇ ನಡೆಯಿತು. ಅವನು ಹಾಕಿದ್ದು ಒಂದೇ ಷರತ್ತು, ನಾನು ಟ್ರ್ಯಾಕ್ಟರಿನಿಂದ ಇಪ್ಪತ್ತು ಅಡಿ ದೂರ ಇರಬೇಕು. ಇದ್ದೆ. ಆದರೆ ಭಾವನದು ಯಾವ ಹೋಟೆಲು ಎಂದು ಕೇಳಿದ್ದ ಕಮಿಟಿಯ ಮಹಾಶಯರು ಅಂದು ಬಂದಾಗ ಷರತ್ತು ಮುರಿದು ಅವರ ಕೈ ಹಿಡಿದು ಎಳೆದುಕೊಂಡು ಹೋದೆ. ಮುಚ್ಚಳದ ಧೂಳು ಒರೆಸಿ, ಇಲ್ಲಿ ಎಷ್ಟು ಚುಕ್ಕೆ ಕಾಣುತ್ತದೆ ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿ, ಒಂದು ಎಂದರು.

ಒಂದೇ. ಅದು ನನ್ನ ಭಾವನದು ಎಂದು ಇಡೀ ಗದ್ದೆಗೆ ಕೇಳುವಂತೆ ಹೇಳಿದೆ.